ಜೇನುಮೇಣದ ಮೇಲೆ ಒಂದು ತೆನೆ

ಮೆಕ್ಸಿಕೋ ದೇಶದ ಬೆಟ್ಟಗಳಲ್ಲಿ ಹುಯಿಚೋಲ್ ಎಂಬ ಜನರಿದ್ದಾರೆ. ಹಲಗೆಗೆ ಜೇನುಮೇಣ ಸವರಿ, ಅದರ ಮೇಲೆ ಬಣ್ಣದ ನೂಲನ್ನು ಹೆಬ್ಬೆರಳಿನಿಂದ ಒತ್ತಿ ಚಿತ್ರ ಮಾಡುತ್ತಾರೆ. ಹೊಸ ಮೆಕ್ಕೆಜೋಳವನ್ನು ಹಬ್ಬದ ದಿನ ದೇವರುಗಳಿಗೆ ಕೊಡುವ ತನಕ ಅವರಲ್ಲಿ ಯಾರೂ ಬಾಯಿಗಿಡುವಂತಿಲ್ಲ.

ಅಲ್ಲಿ ತುಕಾರಿಮಾ ಎಂಬ ಮುದುಕಿಯ ಬಳಿ ಶೌರೆಮೆ ಎಂಬಾತ ಈ ವಿದ್ಯೆ ಕಲಿಯುತ್ತಿದ್ದ.

ಹಬ್ಬಕ್ಕೆ ಒಂದೇ ದಿನ ಉಳಿದಿತ್ತು. ದೇವರ ಮುಂದೆ ಇಡಬೇಕಾದ ಚಿತ್ರ ಮಾತ್ರ ಮುಗಿದಿರಲಿಲ್ಲ. ಶೌರೆಮೆ ನೂಲಿನಲ್ಲಿ ಜೋಳದ ಹೊಲ ಮಾಡುತ್ತಿದ್ದ, ಕೀಳುತ್ತಿದ್ದ, ಮತ್ತೆ ಮಾಡುತ್ತಿದ್ದ. ಹೀಗೇ ಒಂಬತ್ತು ದಿನ. ನೋಡಿದವರಿಗೇ ಸುಸ್ತಾಗಬೇಕು.

"ನನ್ನ ಕೈಲಿ ಆಗಲ್ಲ. ಈ ಸಲ ಬೇರೆ ಯಾರಿಗಾದರೂ ಹೇಳಜ್ಜಿ."

"ಬೆರಳು ನೋಯುತ್ತಾ?"

"ಬೆರಳಲ್ಲ."

ಮುದುಕಿ ತನ್ನ ಚಪ್ಪಟೆಯಾದ ಹೆಬ್ಬೆರಳನ್ನು ಉಜ್ಜಿಕೊಂಡಳು. ಅವಳಿಗೂ ಸಾಕಾಗಿತ್ತು. ಬಿಸಿಲಿಗೆ ಹಲಗೆಯ ಮೇಣ ಮೆತ್ತಗಾಗುತ್ತಿತ್ತು.

"ಅಮ್ಮ ಸಾಯುವ ಹಿಂದಿನ ದಿನ ಹೊಸ ಜೋಳ ಕೇಳಿದಳು," ಎಂದ ಶೌರೆಮೆ. "ಈ ವರ್ಷದ ಹಬ್ಬ ಇನ್ನೂ ದೂರ ಇತ್ತು. ಒಂದು ತೆನೆ ಮುರಿದು ಸುಟ್ಟೆ. ಅವಳಿಗೆ ಅಗಿಯೋಕಾಗಲ್ಲ ಅಂತ ಅರೆದು ಬಾಯಿಗಿಟ್ಟೆ. ಯಾರಿಗೂ ಹೇಳಿಲ್ಲ. ದೇವರ ಪಾಲು ಕದ್ದ ಕೈಯಲ್ಲಿ ದೇವರಿಗೆ ಹೇಗೆ ಚಿತ್ರ ಮಾಡಲಿ?"

"ತಿಂದಳಾ?"

"ಎರಡು ತುತ್ತು. ಸಿಹಿಯಾಗಿದೆ ಅಂದಳು."

ಅಷ್ಟು ಹೇಳಿ ಅತ್ತುಬಿಟ್ಟ. ಅಮ್ಮನನ್ನು ಮಣ್ಣು ಮಾಡಿದ ದಿನವೂ ಅವನು ಅತ್ತಿರಲಿಲ್ಲ.

ತುಕಾರಿಮಾ ಹಲಗೆಯನ್ನು ಹತ್ತಿರಕ್ಕೆ ಎಳೆದುಕೊಂಡು ನೋಡಿದಳು. ಎಲ್ಲ ಗಿಡಗಳಲ್ಲೂ ತೆನೆ ತುಂಬಿತ್ತು. ಒಂದೂ ಕಡಿಮೆಯಿರಲಿಲ್ಲ.

"ಇದು ನಿನ್ನ ಹೊಲ ಅಲ್ಲ," ಎಂದಳು.

ನಡುವಿನ ಗಿಡದ ತೆನೆಗೆ ಉಗುರು ಹಾಕಿ ನೂಲನ್ನು ಕಿತ್ತಳು. ಅಲ್ಲಿ ಬರೀ ಮೇಣ ಉಳಿಯಿತು.

"ಅಯ್ಯೋ, ದೇವರುಗಳಿಗೆ ಕಾಣುತ್ತಲ್ಲ ಅಜ್ಜಿ!"

"ಕಾಣಲಿ ಅಂತಲೇ ಚಿತ್ರ ಮಾಡೋದು."

ಶೌರೆಮೆ ಆ ಖಾಲಿ ಜಾಗವನ್ನು ಬೆರಳಿನಿಂದ ಮುಟ್ಟಿದ. ಆಮೇಲೆ ಕೇಳಿದ, "ಇಲ್ಲಿ ಏನು ತುಂಬಲಿ?"

ಮುದುಕಿ ಮೊಣಕಾಲು ಹಿಡಿದುಕೊಂಡು ಮೆಲ್ಲಗೆ ಎದ್ದಳು.

"ನಿನ್ನ ಅಮ್ಮನನ್ನು ಕೂರಿಸು. ಈ ವರ್ಷ ಮೊದಲು ಉಂಡವಳು ಅವಳು."