ಸುಣ್ಣದ ಗಾರೆ

ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಜಮೀನ್ದಾರರ ಹಳೆಯ ಬಂಗಲೆಯೊಂದಿತ್ತು. ಅದರ ತೋಟದ ಸುತ್ತ ಇಟ್ಟಿಗೆಯ ಎತ್ತರದ ಗೋಡೆ, ಮೂಲೆಯಲ್ಲೊಂದು ಪುಟ್ಟ ಮಂಟಪ. ಹಗಲೆಲ್ಲ ಬಿಸಿಲಿಗೆ ಕಾದು, ತನಗೊರಗಿದ ಗಿಡಗಳಿಗೆ ಆ ಬಿಸಿ ಕೊಟ್ಟು, ಆ ಚಳಿನಾಡಿನಲ್ಲೂ ಪೀಚ್ ಹಣ್ಣಾಗುವಂತೆ ಮಾಡುತ್ತಿದ್ದ ಗೋಡೆ ಅದು.

ಇಟ್ಟಿಗೆಗಳ ನಡುವೆ ತಲೆತಲಾಂತರದಿಂದ ಸುಣ್ಣದ ಗಾರೆ. ಅದು ಉದುರಿದಲ್ಲಿ ಮತ್ತೆ ತುಂಬುವುದು ಆಂಬ್ರೋಸ್ ಮೇಸ್ತ್ರಿಗಳ ಕೆಲಸ. ಎಡ್ಮಂಡ್ ಅವರ ಶಿಷ್ಯ.

ಗುರುಗಳು ಹಾಸಿಗೆ ಹಿಡಿದಾಗ ಎಡ್ಮಂಡ್ ಮಂಟಪದ ಪಕ್ಕದ ಗೋಡೆಯ ಸಂದುಗಳಿಗೆಲ್ಲ ಸಿಮೆಂಟ್ ತುಂಬಿದ. ಗಟ್ಟಿಯಾಗಿ ಕೂತಿತು. ಶಿಷ್ಯ ನೋಡಿ ಬೀಗಿದ; ಬೀಗುವ ವಯಸ್ಸು.

ಕೆಲವು ಚಳಿಗಾಲ ಕಳೆದವು. ಸಿಮೆಂಟ್ ಹಾಗೇ ಇತ್ತು. ಇಟ್ಟಿಗೆ ಪುಡಿಪುಡಿಯಾಗಿ ಉದುರತೊಡಗಿತು.

ಅಷ್ಟರಲ್ಲಿ ಎದ್ದು ಓಡಾಡುವಂತಾಗಿದ್ದ ಗುರುಗಳು ಕೋಲೂರಿಕೊಂಡು ಬಂದು ನೋಡಿದರು.

“ಯಾಕೆ ಹೀಗಾಯ್ತು ಗುರುಗಳೇ? ಅಷ್ಟು ಗಟ್ಟಿ ಮಾಡಿದ್ದೆ.”

“ಗೋಡೆಗೆ ಇಳಿದ ಮಳೆನೀರು ಹೊರಗೆ ಹೋಗಬೇಕಲ್ಲ. ಸುಣ್ಣ ದಾರಿ ಬಿಡ್ತಿತ್ತು. ನಿನ್ನ ಸಿಮೆಂಟ್ ಬಿಡಲಿಲ್ಲ. ನೀರು ಇಟ್ಟಿಗೆಯೊಳಗೇ ನಿಂತು, ಚಳಿಗೆ ಹೆಪ್ಪುಗಟ್ಟಿ ಉಬ್ಬಿ, ಅದನ್ನೇ ಒಡೀತು.”

“ಆದರೆ ಸುಣ್ಣ ಉದುರುತ್ತಲ್ಲ?”

“ಉದುರಲಿ ಅಂತಲೇ ಹಾಕೋದು. ಇಟ್ಟಿಗೆ ಉಳೀಬೇಕಾದರೆ ಗಾರೆ ಸವೀಬೇಕು.”

ಗುರುಗಳು ಉಳಿ, ಸುತ್ತಿಗೆ ಕೊಟ್ಟರು. “ಕೆತ್ತಿ ತೆಗಿ.”

ಎಡ್ಮಂಡ್ ಕೆತ್ತಿದ. ಸಿಮೆಂಟಿನ ಒಂದೊಂದು ಚೂರಿನ ಜೊತೆಗೂ ಇಟ್ಟಿಗೆ ಕಿತ್ತು ಬಂತು. ಸಂಜೆಯ ಹೊತ್ತಿಗೆ ಕಾಲಬುಡದಲ್ಲೆಲ್ಲ ಕೆಂಪು ಪುಡಿ. ಅವನು ಅಲ್ಲೇ ಕುಸಿದು ಕೂತು ಅತ್ತ.

“ಅಸಡ್ಡೆಯಿಂದ ಮಾಡಿದ್ದಲ್ಲ ಗುರುಗಳೇ. ನೀವು ಮತ್ತೆ ಏಳೋದಿಲ್ಲ ಅಂದಿದ್ದರು ಡಾಕ್ಟರು. ನೀವಿಲ್ಲದೆ ಈ ಗೋಡೆ ಮುಟ್ಟೋಕೆ ನನಗೆ ಭಯ. ಇನ್ನು ಯಾವತ್ತೂ ಯಾರೂ ಮುಟ್ಟಬೇಕಾಗದ ಹಾಗೆ ಮಾಡಿಬಿಡೋಣ ಅಂದ್ಕೊಂಡೆ.”

ಒಡೆದ ಇಟ್ಟಿಗೆ ನೋಡಿ ಗುರುಗಳಿಗೂ ಸಂಕಟವಾಗಿತ್ತು, ಶಿಷ್ಯನನ್ನು ನೋಡಿ ಇನ್ನೂ ಹೆಚ್ಚು. ಅವರು ತಾವೇ ಬಗ್ಗಿ ಸುಣ್ಣ, ಮರಳು ಕಲಸಿ, ಕರಣೆಯನ್ನು ಅವನ ಕೈಗಿಟ್ಟರು.

ಎಡ್ಮಂಡ್ ಒಂದು ಸಂದು ತುಂಬಿದ. ಗುರುಗಳು ಹೆಬ್ಬೆರಳಿನಿಂದ ಒತ್ತಿ ನೋಡಿ, ಸರಿ ಎಂಬಂತೆ ತಲೆಯಾಡಿಸಿದರು.

“ಇದು ನಾನಿರೋವರೆಗಾದರೂ ಉಳಿಯುತ್ತಾ ಗುರುಗಳೇ?”

“ಇಲ್ಲ. ನಿನಗೆ ವಯಸ್ಸಾಗೋ ಹೊತ್ತಿಗೆ ಉದುರುತ್ತೆ” ಎಂದರು ಗುರುಗಳು. “ಅಷ್ಟರೊಳಗೆ ಯಾರಿಗಾದರೂ ಕಲಿಸಿರು.”