ಎಂಟು ಕೈಯ ಅಕ್ಕ

ಈ ಕಥೆಯನ್ನು ನನಗೆ ಮೊದಲು ಹೇಳಿದವರು ಕಂಪ್ಯೂಟರ್ ರಿಪೇರಿಯ ಶೇಷಾದ್ರಿಗಳು. ದೇವರು ಅವರನ್ನು ಚೆನ್ನಾಗಿಟ್ಟಿರಲಿ.

ಒಂದು ಕಂಪ್ಯೂಟರಿನೊಳಗೆ ಎಂಟು ಕೈಯ ಪ್ರೊಸೆಸರಕ್ಕ ಸಂಸಾರ ನಡೆಸುತ್ತಿದ್ದಳು. ಯಾರು ಕರೆದರೂ ಎಂಟು ಕೈಯನ್ನೂ ಎತ್ತಿಕೊಂಡು ಓಡುವುದು ಅವಳ ಗುಣ. ಜಗಲಿಯಲ್ಲಿ ವಿಡಿಯೋ ಕೆಲಸ ಕೂತು, ಸಂಜೆಯೊಳಗೆ ಕೊಡಬೇಕಾದ ಮದುವೆಯ ಚಿತ್ರ ಜೋಡಿಸುತ್ತಿತ್ತು. ಒಳಗೆ, ವರ್ಚುವಲ್ ಮಷೀನ್ ಎಂಬ ಮನೆಯೊಳಗಿನ ಮನೆಯಲ್ಲಿ, ಆಟವೊಂದು ಕೂತು ಕುದುರೆ ಓಡಿಸುತ್ತಿತ್ತು. ಇದು ಕೂಗಿದರೆ ಅಕ್ಕ ಇಲ್ಲಿಗೆ, ಅದು ಕೂಗಿದರೆ ಅಲ್ಲಿಗೆ; ಅವಳು ಬಿಟ್ಟುಬಂದ ಕಡೆ ಎಲ್ಲವೂ ನಿಂತಲ್ಲೇ ನಿಲ್ಲುತ್ತಿತ್ತು.

“ಏನೋ ತಮ್ಮಾ, ನಿನ್ನ ಕುದುರೆ ಹಳ್ಳದ ಮೇಲೆ ಗಾಳಿಯಲ್ಲೇ ನಿಂತಿದೆಯಲ್ಲ!” ಎಂದು ಕೆಲಸ ಹಂಗಿಸಿತು.

“ನಿನ್ನ ಮದುಮಗನೂ ತಾಳಿ ಹಿಡಿದು ನಿಂತೇ ಇದ್ದಾನೆ, ಅಣ್ಣಾ!” ಎಂದಿತು ಆಟ.

ಬೀಸಿ ಬೀಸಿ ಸೋತ ಫ್ಯಾನು ಹೇಳಿತು: “ಅಕ್ಕಾ, ನಿನ್ನ ಮೈ ಕೆಂಡವಾಗಿದೆ. ನೀನು ತಲೆ ಸುತ್ತಿ ಬಿದ್ದರೆ ಕುದುರೆಯೂ ಹೋಯಿತು, ಮದುವೆಯೂ ಹೋಯಿತು.”

“ಇಬ್ಬರೂ ನನ್ನವರೇ ಕಣೋ. ಯಾರಿಗೆ ಇಲ್ಲ ಅನ್ನಲಿ?”

“ಇಲ್ಲ ಅನ್ನಬೇಡ. ಮೂರು ಕೈ ಆಟಕ್ಕೆ, ನಾಲ್ಕು ಕೈ ಕೆಲಸಕ್ಕೆ ಎಂದು ಗೊತ್ತುಮಾಡು. ಯಾರು ಕೂಗಿದರೂ ಅವನ್ನು ಅಲ್ಲಿಂದ ಕದಲಿಸಬೇಡ. ಒಂದನ್ನು ನಿನಗೇ ಇಟ್ಟುಕೋ, ಬೆವರು ಒರೆಸಿಕೊಳ್ಳುವುದಕ್ಕಾದರೂ ಬೇಕಲ್ಲ!”

ಅಕ್ಕ ಅಳುಕುತ್ತಲೇ ಹಾಗೆ ಮಾಡಿದಳು. “ನಾಲ್ಕೇನಾ?” ಎಂದು ಕೆಲಸ ಗೊಣಗಿತು. ಆದರೆ ಅತ್ತಿತ್ತ ಓಡಾಟ ನಿಂತದ್ದೇ ಅಕ್ಕನ ಮೈ ತಣಿಯಿತು. ಕುದುರೆ ಒಂದೇ ನೆಗೆತಕ್ಕೆ ಹಳ್ಳ ದಾಟಿತು. ದೀಪ ಹಚ್ಚುವ ಹೊತ್ತಿಗೆ ಮದುಮಗ ತಾಳಿ ಕಟ್ಟಿ ಮುಗಿಸಿದ. ಗೊಣಗಿದ ಕೆಲಸವೇ ಒಳಗೆ ಇಣುಕಿ, “ಇನ್ನೊಂದು ಸಲ ನೆಗೆಸೋ ತಮ್ಮಾ, ನೋಡೋಣ” ಎಂದಿತು. ಅಕ್ಕನೂ ಕೂತು ನೋಡಿದಳು.

ಕರೆದಲ್ಲಿಗೆಲ್ಲ ಓಡುವ ಅಕ್ಕನೊಬ್ಬಳು ನಿಮ್ಮ ಮನೆಯಲ್ಲೂ ಇದ್ದಾಳು. ಅವಳನ್ನು ತುಸು ಹೊತ್ತು ಕೂರಿಸಿ, ಈ ಕಥೆ ಹೇಳಿ.