ಒಂದು ಸೌತೆಕಾಯಿಗೆ ಒಂದು ಕೈ

ಇನ್ನು ಮೇಲೆ ತಮ್ಮ ಸೀಮೆಯಲ್ಲಿ ಒಂದು ಕಡ್ಡಿಯೂ ಕಳುವಾಗುವುದಿಲ್ಲ ಎಂದು ಅರಸರಾದ ಉದ್ದಂಡ ನಾಯಕರು ತುಂಬಿದ ಓಲಗದಲ್ಲಿ ಮೀಸೆ ತಿರುವಿದರು. ಹೊಸ ಕಟ್ಟಳೆ ಅಷ್ಟು ಭರ್ಜರಿಯಾಗಿತ್ತು: ಏನೇ ಕದ್ದರೂ, ಎಷ್ಟೇ ಕದ್ದರೂ ಬಲಗೈ ಕಡಿಯುವುದು, ಅದೂ ಸಂತೆಯ ದಿನ, ತಮಟೆ ಬಾರಿಸಿ. ಬರೆದವರು ಅರಸರ ಭಾವಮೈದುನ, ದಳವಾಯಿ ಚೆನ್ನವೀರಪ್ಪನವರು. ಬರೆದು ಮುಗಿಸಿ ತಾವೇ ಮೂರು ಸಲ ಓದಿ ತಲೆದೂಗಿದ್ದರು.

ಆ ಕಟ್ಟಳೆಗೆ ಮೊದಲು ಸಿಕ್ಕಿಬಿದ್ದ ಮಹಾಕಳ್ಳನೆಂದರೆ ಕುಂಬಾರ ಮುದ್ದಯ್ಯ. ಅರಮನೆ ತೋಟದ ಬೇಲಿಯಿಂದಾಚೆ ತೂಗುತ್ತಿದ್ದ ಒಂದು ಸೌತೆಕಾಯಿ ಕಿತ್ತು, ಅಲ್ಲೇ ನಿಂತು ತಿಂದಿದ್ದ. ಬಲಗೈ ಹೋದರೆ ತಿಗರಿ ತಿರುಗಿಸುವುದು ಹೇಗೆ, ಮನೆಯವರ ಹೊಟ್ಟೆ ಹೊರೆಯುವುದು ಹೇಗೆ ಎಂದು ಓಲಗದ ನಡುವೆ ಅಳುತ್ತಿದ್ದ.

ಅರಸರ ಬಳಿ ಮಾತಿನ ಸಲಿಗೆಯಿದ್ದ ಓಬಯ್ಯನಿಗೆ ಕರುಳು ಚುರುಕ್ಕೆಂದಿತು. ಆದರೆ ಕರುಣೆ ತೋರಿಸಿ ಎಂದರೆ ಅರಸರು ಇನ್ನೂ ಬಿಗಿಯುತ್ತಾರೆಂದು ಅವನಿಗೆ ಗೊತ್ತು. ಅದಕ್ಕೇ ಕಟ್ಟಳೆಯನ್ನು ಬಾಯ್ತುಂಬ ಹೊಗಳಿ, ಒಂದು ಸೌತೆಕಾಯಿಗೆ ಇಷ್ಟು ದೊಡ್ಡ ಶಿಕ್ಷೆ ಯಾಕೆ ಎಂದು ಮೆಲ್ಲಗೆ ಕೇಳಿದ.

“ಶಿಕ್ಷೆ ಇವನಿಗಲ್ಲ ಕಣಯ್ಯ, ನೋಡೋ ಜನಕ್ಕೆ,” ಎಂದರು ಅರಸರು. “ಅವರು ಹೆದರಬೇಕು, ಅಷ್ಟೇ.”

“ಹಾಗಾದ್ರೆ ಈ ಕೈ ಸಾಲದು ಬುದ್ಧಿ. ಕುಂಬಾರನ ಕೈಯನ್ನ ಯಾರು ಗುರುತಿಸ್ತಾರೆ? ಅಯ್ಯೋ ಪಾಪ ಅಂದು ಬದನೆಕಾಯಿ ಕೊಳ್ಳೋಕೆ ಹೋಗ್ತಾರೆ. ದಳವಾಯಿಗಳ ಕೈ ಇಡೀ ಸೀಮೆಗೆ ಗೊತ್ತು. ಅದನ್ನೇ ಕಡಿಸಿಬಿಡಿ.”

ದಳವಾಯಿಗಳು ಎದ್ದೇ ನಿಂತರು. “ನಾನೇನು ಕದ್ದಿದ್ದೀನಿ?”

“ಏನೂ ಇಲ್ಲ ಸ್ವಾಮಿ. ಅದೇ ಇದರ ಹೆಚ್ಚುಗಾರಿಕೆ. ಕದಿಯದೋರ ಕೈಯೇ ಹೋಯ್ತು ಅಂದ್ರೆ ಕದ್ದೋರ ಜೀವ ಹಾರಿಹೋಗುತ್ತೆ.”

ಅರಸರು ಗದರಿದರು. “ತಪ್ಪೇ ಮಾಡದವನಿಗೆ ಶಿಕ್ಷೆ ಕೊಡೋಕಾಗುತ್ತೇನಯ್ಯ? ತಪ್ಪು ನೋಡಿ ತಾನೆ ಶಿಕ್ಷೆ?”

“ಅಪ್ಪಣೆ,” ಎಂದು ಓಬಯ್ಯ ಕೈಮುಗಿದ. “ತಪ್ಪು ನೋಡೋದೇ ಆದ್ರೆ, ಅದು ಗೇಣುದ್ದದ ಸೌತೆಕಾಯಿ. ಇವನ ಕೈ ಅದಕ್ಕಿಂತ ಉದ್ದ ಇದೆ ಬುದ್ಧಿ.”

ತಾವು ಸಿಕ್ಕಿಬಿದ್ದದ್ದು ತಿಳಿದು ಅರಸರಿಗೆ ನಗು ತಡೆಯಲಾಗಲಿಲ್ಲ. ಕಟ್ಟಳೆಯ ಓಲೆಯನ್ನು ಒಲೆಗೆ ಹಾಕಿಸಿದರು. ಮುದ್ದಯ್ಯ ತೋಟಕ್ಕೆ ನೀರು ಹೊಯ್ಯಲು ನಾಲ್ಕು ಕೊಡ ಮಾಡಿಕೊಡಲಿ, ಅಷ್ಟು ಸಾಕು ಎಂದರು. ಆಮೇಲೆ ಓಬಯ್ಯನ ಕಡೆ ತಿರುಗಿ, “ಕಟ್ಟಳೆಯೇನೋ ಹೋಯ್ತು. ಇನ್ನು ಕಳ್ಳರು ಹೆದರೋದು ಹೇಗೋ?” ಎಂದು ಕೇಳಿದರು.

ಓಬಯ್ಯ ದಳವಾಯಿಗಳ ಕಡೆ ನೋಡಿದ. ಅವರು ಎರಡೂ ಕೈಗಳನ್ನು ಶಾಲಿನೊಳಗೆ ಅಡಗಿಸಿಕೊಂಡು ಕುಳಿತಿದ್ದರು.

“ಕಡಿಯದೇನೇ ಒಬ್ಬರು ಹೆದರಿದ್ದಾರಲ್ಲ ಬುದ್ಧಿ.”